ಕಿದ್ವಾಯಿ: ಆಸ್ಪತ್ರೆಯ ಹೆಸರಿನ ಹಿಂದಿನ ಮನುಷ್ಯ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕ್ಯಾನ್ಸರ್ ಆಸ್ಪತ್ರೆಯನ್ನು ನಮ್ಮ ಜನರು ಬರೇ ಕಿದ್ವಾಯಿ ಎಂದು ಕರೆಯುತ್ತಾರೆ. ಇಂಥವರನ್ನು ಕಿದ್ವಾಯಿಗೆ ಕರೆದೊಯ್ದಿದ್ದಾರೆ ಎಂಬ ಸುದ್ದಿ ಬಂದರೆ ಸಾಕು, ಕೇಳಿದವರ ಮುಖ ಬಾಡುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಆ ಹೆಸರು ಒಂದು ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ಅದು ಒಬ್ಬ ಮನುಷ್ಯನ ಹೆಸರು, ಅವರು ಯಾರು, ಎಲ್ಲಿಯವರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ನಿಜ ಹೇಳುವುದಾದರೆ 2019ರವರೆಗೆ ನನಗೂ ತಿಳಿದಿರಲಿಲ್ಲ. ಆ ವರ್ಷ ನನ್ನ ಸೋದರತ್ತೆಗೆ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ದುಡಿಯುವ ಕುಟುಂಬ ಅದು. ರಜೆ ಸಿಕ್ಕಾಗಲೆಲ್ಲ ಅವರೊಂದಿಗೆ ಬೆಂಗಳೂರಿಗೆ ಹೋಗುವ ಹೊಣೆ ನನ್ನ ಮೇಲೆ ಬಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಗಂಟೆಗಟ್ಟಲೆ ಕುಳಿತಿರುವಾಗ ಎದುರಿನ ಫಲಕವನ್ನು ನೂರು ಬಾರಿ ಓದಿದೆ. ಊರಿಗೆ ಮರಳಿದ ಮೇಲೆ ಅದರಲ್ಲಿದ್ದ ಹೆಸರಿನವರ ಜೀವನ ಚರಿತ್ರೆಯನ್ನು ಹುಡುಕಿ ಓದಿದೆ.

ರಫಿ ಅಹ್ಮದ್ ಕಿದ್ವಾಯಿಯವರು ವೈದ್ಯರಲ್ಲ. ಬೆಂಗಳೂರಿನವರೂ ಅಲ್ಲ. 1894ರ ಫೆಬ್ರವರಿ 18ರಂದು ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಇಮ್ತಿಯಾಝ್ ಅಲಿ ಕಿದ್ವಾಯಿಯವರದು ಜಮೀನ್ದಾರಿ ಮನೆತನ. ಬಾಲಕ ರಫಿಯ ವಿದ್ಯಾಭ್ಯಾಸ ಹೆಚ್ಚಾಗಿ ತಂದೆಯ ಸಹೋದರ ವಿಲಾಯತ್ ಅಲಿಯವರ ಆಶ್ರಯದಲ್ಲಿ ನಡೆಯಿತು. ವಿಲಾಯತ್ ಅಲಿಯವರು ಬಾರಾಬಂಕಿಯಲ್ಲಿ ವಕೀಲರಾಗಿದ್ದರು. ಜೊತೆಗೆ ಒಳ್ಳೆಯ ಹಾಸ್ಯ ಲೇಖಕರು. ಮೌಲಾನಾ ಮುಹಮ್ಮದ್ ಅಲಿಯವರ ಕಾಮ್ರೇಡ್ ಪತ್ರಿಕೆಗೆ ಬಂಬೂಕ್ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ದೇಶ, ಗುಲಾಮಗಿರಿ, ಖಿಲಾಫತ್ ಎಂಬ ಮಾತುಗಳು ಅಂತಹ ಮನೆಯಲ್ಲಿ ಹುಡುಗರ ಕಿವಿಗೆ ಬೀಳದೆ ಇರಲು ಸಾಧ್ಯವೇ?

ರಫಿ ಸಾಹೇಬರು ಆಲಿಘರ್‌ನ ಎಂ.ಎ.ಓ. ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಬಳಿಕ ಕಾನೂನು ಶಿಕ್ಷಣಕ್ಕೆ ಸೇರಿಕೊಂಡರು. ಅಷ್ಟರಲ್ಲಿ ಖಿಲಾಫತ್ ಹಾಗೂ ಅಸಹಕಾರ ಚಳವಳಿಗಳ ಕರೆ ಬಂತು. ಅವರು ಪುಸ್ತಕ ಮಡಚಿಟ್ಟು ಹೊರಬಂದರು. ಸೆರೆಮನೆ ಸೇರಿದರು. ಬಿಡುಗಡೆಯಾದ ನಂತರ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರ ಕಾರ್ಯದರ್ಶಿಯಾದರು. 1926ರಲ್ಲಿ ಕೇಂದ್ರ ಶಾಸನ ಸಭೆಗೆ ಆಯ್ಕೆಯಾಗಿ ಸ್ವರಾಜ್ ಪಕ್ಷದ ಮುಖ್ಯ ಸಚೇತಕರಾದರು. ಭಾಷಣ ಮಾಡುವುದೆಂದರೆ ಅವರಿಗೆ ಆಗದು. ಮಾತು ಮಿತ, ವೇದಿಕೆಗಿಂತ ವೇದಿಕೆಯ ಹಿಂದಿನ ಕೆಲಸವೇ ಹಿತ. ಇಂದಿನ ನಾಯಕರನ್ನು ನೋಡಿದ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

1930ರಲ್ಲಿ ಕಾಂಗ್ರೆಸ್ಸಿನ ಆದೇಶದಂತೆ ಶಾಸನ ಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ರಾಯಬರೇಲಿಯ ಗೇಣಿದಾರರ ನಡುವೆ ಹೋಗಿ ನಿಂತರು. ಬೆಲೆ ಕುಸಿದು ರೈತರ ಬೆನ್ನು ಮುರಿದಿದ್ದ ಕಾಲ. ಗೇಣಿ ಕೊಡಬೇಡಿ ಎಂಬ ಚಳವಳಿ ಅಲ್ಲಿ ಆರಂಭವಾಯಿತು. ಜಮೀನ್ದಾರನ ಮಗನೇ ಗೇಣಿ ನಿರಾಕರಣೆಯ ಚಳವಳಿಗೆ ಮುಂದಾಳಾದರೆ ಸ್ವಂತ ಮನೆತನದವರು ಏನೆಂದಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಮತ್ತೆ ಜೈಲು. 1937ರಲ್ಲಿ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲದಲ್ಲಿ ಕಂದಾಯ ಸಚಿವರಾದಾಗ, ಗೇಣಿದಾರನನ್ನು ಮನಬಂದಂತೆ ಎತ್ತಂಗಡಿ ಮಾಡದಂತೆ ರಕ್ಷಿಸುವ ಕಾಯಿದೆಯನ್ನು ಅವರೇ ಮುಂದೆ ನಿಂತು ಸಭೆಯಲ್ಲಿ ಮಂಡಿಸಿದರು. 1939ರ ಗೇಣಿ ಕಾಯಿದೆ ಎಂದು ಅದು ಪ್ರಸಿದ್ಧವಾಗಿದೆ.

ಈಗ ಈ ಬರಹದ ಮುಖ್ಯ ವಿಷಯಕ್ಕೆ ಬರೋಣ. ರಾಜಕಾರಣಿಗಳ ಜೀವನದಲ್ಲಿ ಹುದ್ದೆಗಳ ಪಟ್ಟಿಗೆ ಕೊರತೆಯಿರುವುದಿಲ್ಲ. ರಫಿ ಸಾಹೇಬರನ್ನು ಹತ್ತಿರದಿಂದ ಬಲ್ಲವರು ನೆನೆಯುವುದು ಹುದ್ದೆಯನ್ನಲ್ಲ, ಅವರ ಕೈಯನ್ನು. ಆ ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಅವರ ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಪರಿಚಯವಿದ್ದವರೂ ಇಲ್ಲದವರೂ ಊಟಕ್ಕೆ ಕುಳಿತಿರುತ್ತಿದ್ದರು. ಸೆರೆಮನೆಯಲ್ಲಿದ್ದ ಕಾರ್ಯಕರ್ತರ ಹೆಂಡತಿ ಮಕ್ಕಳು, ವಿಧವೆಯರು, ಶುಲ್ಕ ಕಟ್ಟಲಾಗದ ವಿದ್ಯಾರ್ಥಿಗಳು, ಕೆಲಸ ಕಳೆದುಕೊಂಡವರು ಹೀಗೆ ಬಂದವರ ಕೈಗೆ ಏನಾದರೂ ಸಿಗುತ್ತಿತ್ತು. ತನ್ನ ಬಳಿ ಇಲ್ಲದಿದ್ದರೆ ಶ್ರೀಮಂತ ಮಿತ್ರರಿಂದ ಪಡೆದು ಕೊಡುತ್ತಿದ್ದರು. ಅದೂ ಆಗದಿದ್ದರೆ ಸಾಲ ಮಾಡಿ ಕೊಡುತ್ತಿದ್ದರು. ಹಿಂದೂವೋ ಮುಸ್ಲಿಮನೋ, ತನ್ನ ಪಕ್ಷದವನೋ ವಿರೋಧಿಯೋ ಎಂಬ ವಿಚಾರಣೆ ಇರಲಿಲ್ಲ. ರಾಜಕೀಯವಾಗಿ ಅವರನ್ನು ವಿರೋಧಿಸುತ್ತಿದ್ದ ಸಮಾಜವಾದಿಗಳೂ ಕಷ್ಟಕಾಲದಲ್ಲಿ ಅವರ ನೆರವು ಪಡೆದವರೇ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಅವರ ಔದಾರ್ಯದ ಬಗ್ಗೆ ಟೀಕೆಯೂ ಇತ್ತು. ಉತ್ತರ ಪ್ರದೇಶದ ರಾಜಕೀಯದಲ್ಲಿ ರಫಿಯನ್ನರು ಎಂಬ ಒಂದು ಗುಂಪೇ ಬೆಳೆಯಿತು. ಉಪಕಾರ ಪಡೆದವರು ಉಪಕಾರಿಯ ಹಿಂದೆ ನಿಲ್ಲುವುದು ಸಹಜ. ಉದ್ಯಮಿಗಳಿಂದ ಹಣ ಪಡೆದು ಹಂಚುವ ರಾಜಕಾರಣಿ ಎಷ್ಟೇ ಶುದ್ಧನಾಗಿರಲಿ, ಆ ದಾರಿ ಜಾರುವ ದಾರಿ. ಅದನ್ನು ಮಾದರಿಯೆಂದು ಎತ್ತಿ ಹಿಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಇಷ್ಟನ್ನು ಅವರ ಟೀಕಾಕಾರರೂ ಒಪ್ಪುತ್ತಾರೆ: ಆ ಹಣದಲ್ಲಿ ಅವರು ತನಗೆಂದು ಒಂದು ಮನೆ ಕಟ್ಟಲಿಲ್ಲ, ಒಂದು ತುಂಡು ಭೂಮಿ ಕೊಳ್ಳಲಿಲ್ಲ.

1947 ಬಂತು. ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ಅವರು ಸಂಪರ್ಕ ಸಚಿವರಾದರು. ಅಧಿಕಾರ ಬಂದ ಬೆನ್ನಿಗೇ ದುಃಖವೂ ಬಂತು. ಅವರ ಸಹೋದರ ಶಫಿ ಅಹ್ಮದ್ ಕಿದ್ವಾಯಿಯವರು ಮಸ್ಸೂರಿ ನಗರಸಭೆಯ ಆಡಳಿತಾಧಿಕಾರಿಯಾಗಿದ್ದರು. ವಿಭಜನೆಯ ಗಲಭೆಯಲ್ಲಿ ಅವರನ್ನು ಕೊಲೆ ಮಾಡಲಾಯಿತು. ಶಫಿಯವರ ವಿಧವೆ ಅನೀಸ್ ಕಿದ್ವಾಯಿಯವರು ಗಾಂಧೀಜಿಯವರ ಬಳಿಗೆ ಬಂದರು. ಬಳಿಕ ದೆಹಲಿಯ ಪುರಾನಾ ಕಿಲಾ ಮತ್ತು ಹುಮಾಯೂನ್ ಗೋರಿಯ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಕಳೆದುಹೋದ ಹೆಣ್ಣುಮಕ್ಕಳನ್ನು ಹುಡುಕಿ ತರುವ ಕೆಲಸಕ್ಕೆ ತನ್ನನ್ನು ಅರ್ಪಿಸಿಕೊಂಡರು. ತಮ್ಮನನ್ನು ಕಳೆದುಕೊಂಡ ರಫಿ ಸಾಹೇಬರಿಗೆ ಸೇಡಿನ ಮಾತಾಡಲು ಕಾರಣವಿತ್ತು, ದೇಶ ಬಿಟ್ಟು ಹೋಗಲು ಅವಕಾಶವೂ ಇತ್ತು. ಅವರು ಎರಡನ್ನೂ ಮಾಡಲಿಲ್ಲ. ತನ್ನ ಕಚೇರಿಗೆ ಹೋದರು, ಕೆಲಸ ಮಾಡಿದರು. ಮನೆಯ ಬಾಗಿಲು ಮೊದಲಿನಂತೆಯೇ ತೆರೆದಿತ್ತು. 1949ರಲ್ಲಿ ರಾತ್ರಿ ವಿಮಾನ ಅಂಚೆ ಆರಂಭವಾದದ್ದು ಅವರ ಕಾಲದಲ್ಲೇ. ದೆಹಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ ಚೀಲ ಬದಲಿಸಿಕೊಂಡು ಬೆಳಗಾಗುವುದರೊಳಗೆ ಮರಳುತ್ತಿದ್ದವು.

1951ರಲ್ಲಿ ಪಕ್ಷದೊಳಗಿನ ಜಗಳದಿಂದ ಬೇಸತ್ತು ಹೊರಹೋದದ್ದು, ಮರಳಿ ಬಂದದ್ದು ಇತ್ಯಾದಿ ಇಲ್ಲಿ ಅಗತ್ಯವಿಲ್ಲ. 1952ರ ಚುನಾವಣೆಯಲ್ಲಿ ಬಹ್ರೈಚ್‌ನಿಂದ ಗೆದ್ದು ಆಹಾರ ಮತ್ತು ಕೃಷಿ ಸಚಿವರಾದರು. ಆ ಖಾತೆಯನ್ನು ಆಗ ಮಂತ್ರಿಗಳ ಗೋರಿ ಎಂದು ಹಾಸ್ಯ ಮಾಡುವಂತಿತ್ತು. ರೇಶನ್, ಸರತಿ ಸಾಲು, ಕಾಳಸಂತೆ, ವಿದೇಶದಿಂದ ಬರುವ ಗೋಧಿಯ ಹಡಗಿಗಾಗಿ ಕಾಯುವಿಕೆ. ದೇಶದಲ್ಲಿ ಧಾನ್ಯ ಇದೆ, ಭಯ ಅದನ್ನು ಬಚ್ಚಿಟ್ಟಿದೆ ಎಂಬುದು ಅವರ ಅಂದಾಜು. ಮದ್ರಾಸಿನಲ್ಲಿ ರಾಜಾಜಿಯವರು 1952ರ ಜೂನ್‌ನಲ್ಲಿ ನಿಯಂತ್ರಣ ಕಿತ್ತುಹಾಕಿದಾಗ ಅವರ ಬೆನ್ನಿಗೆ ನಿಂತರು. ಸರಕಾರದ ಬಳಿ ದಾಸ್ತಾನು ಇರಿಸಿಕೊಂಡು ಒಂದೊಂದೇ ಕಡೆ ನಿಯಂತ್ರಣ ಸಡಿಲಿಸಿದರು. ಅಲ್ಲಾಹನ ಕೃಪೆಯಿಂದ ಮಳೆಯೂ ಚೆನ್ನಾಗಿ ಆಯಿತು. 1954ರ ಹೊತ್ತಿಗೆ ಜನ ರೇಶನ್ ಚೀಟಿಯಿಲ್ಲದೆ ಅಂಗಡಿಯಲ್ಲಿ ಧಾನ್ಯ ಕೊಳ್ಳುವಂತಾಯಿತು.

ಅದೇ ವರ್ಷ ಅಕ್ಟೋಬರ್ 24ರಂದು ದೆಹಲಿಯಲ್ಲಿ ಅವರು ನಿಧನರಾದರು. ಬಹಳ ಕಾಲದಿಂದ ಹೃದಯದ ತೊಂದರೆಯಿತ್ತು. ವಯಸ್ಸು 60. ಮಸೌಲಿಯಲ್ಲೇ ದಫನ ಮಾಡಲಾಯಿತು. ಅಷ್ಟು ವರ್ಷ ಸಚಿವರಾಗಿದ್ದವರು ಬಿಟ್ಟು ಹೋದದ್ದೇನು ಎಂದು ನೋಡಿದರೆ ಹಳ್ಳಿಯ ಹಳೆಯ ಮನೆ ಮತ್ತು ಸಾಲ.

ಸಾಲ ಎಂಬ ಮಾತು ಬಂದಾಗ ನಮ್ಮಂಥವರ ಮನಸ್ಸು ಅಲ್ಲೇ ತಡೆದು ನಿಲ್ಲುತ್ತದೆ. ಮದ್ರಸಾದಲ್ಲಿ ಹದೀಸ್ ಓದಿದ ಯಾರಿಗೂ ಆ ಘಟನೆ ಮರೆಯುವುದಿಲ್ಲ. ಪ್ರವಾದಿ(ಸ)ರ ಮುಂದೆ ಒಂದು ಜನಾಝ ತರಲಾಯಿತು. ಮೃತನ ಮೇಲೆ ಸಾಲ ಇದೆ, ತೀರಿಸಲು ಏನೂ ಇಲ್ಲ ಎಂದು ತಿಳಿದಾಗ ಅವರು ತಾವು ನಮಾಝ್ ನಿರ್ವಹಿಸದೆ ಸಂಗಡಿಗರಿಗೆ ಬಿಟ್ಟರು. ಆಗ ಅಬೂ ಕತಾದ(ರ)ರು ಆ ಸಾಲದ ಹೊಣೆಯನ್ನು ತನ್ನ ಮೇಲೆ ವಹಿಸಿಕೊಂಡರು. ಆ ಬಳಿಕವೇ ಪ್ರವಾದಿ(ಸ)ರು ನಮಾಝ್ ನಿರ್ವಹಿಸಿದರು. ಮುಂದೆ ಖಜಾನೆಯಲ್ಲಿ ಸಂಪತ್ತು ಸೇರಿದಾಗ, ಸಾಲಗಾರನಾಗಿ ಸತ್ತ ವಿಶ್ವಾಸಿಯ ಸಾಲಕ್ಕೆ ತಾನೇ ಹೊಣೆ ಎಂದು ಸ್ವತಃ ಅವರೇ ಘೋಷಿಸಿದರು. ಇದರ ಎರಡು ಮುಖಗಳನ್ನೂ ನೋಡಬೇಕು. ಸಾಲ ಹಗುರವಾದ ಸಂಗತಿಯಲ್ಲ. ಆದುದರಿಂದಲೇ ಇನ್ನೊಬ್ಬನ ಸಾಲ ಹೊರುವುದು ಸಣ್ಣ ಪುಣ್ಯವೂ ಅಲ್ಲ. ರಫಿ ಸಾಹೇಬರು ಸಾಲ ಮಾಡಿ ದಾನ ಮಾಡಿದ್ದನ್ನು ಗೃಹಸ್ಥರು ಅನುಕರಿಸಬೇಕೆಂದು ನಾನು ಬರೆಯಲಾರೆ. ಆದರೆ ಅವರ ಸಾಲ ಒಬ್ಬ ಭೋಗಿಯ ಸಾಲವಾಗಿರಲಿಲ್ಲ. ಇತರರ ಮನೆಯ ಕಷ್ಟ ಅವರ ಲೆಕ್ಕದಲ್ಲಿ ಬಂದು ಕುಳಿತಿತ್ತು.

ಅವರು ಗತಿಸಿ 19 ವರ್ಷಗಳ ನಂತರ, 1973ರಲ್ಲಿ, ಬೆಂಗಳೂರಿನ ಕ್ಯಾನ್ಸರ್ ಸಂಸ್ಥೆ ಅವರ ಹೆಸರಿನಲ್ಲಿ ಆರಂಭವಾಯಿತು. ಕರ್ನಾಟಕದ ಬಡವನಿಗೆ ಕ್ಯಾನ್ಸರ್ ಬಂದರೆ ಮೊದಲು ನೆನಪಾಗುವ ಬಾಗಿಲು ಅದು. ಅಲ್ಲಿ ಕುಳಿತು ನಾನು ಕಂಡುಕೊಂಡ ಒಂದು ಸತ್ಯವನ್ನು ಓದುಗರ ಮುಂದಿಡಬೇಕು. ಔಷಧಿಯ ಖರ್ಚು ಮಾತ್ರ ಮನೆಯನ್ನು ಮುಳುಗಿಸುವುದಿಲ್ಲ. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆಯುತ್ತದೆ. ರೋಗಿ ಮತ್ತು ಜೊತೆಗಾರನಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಟಿಕೇಟಿನ ಪೂರ್ಣ ದರ ಮಾಫಿ, ಜೊತೆಗಾರನಿಗೆ ಮುಕ್ಕಾಲು. ಆವರಣದಲ್ಲಿ ಧರ್ಮಶಾಲೆಯೂ ಇದೆ. ಇದೆಲ್ಲ ಎಷ್ಟೋ ಜನರಿಗೆ ತಿಳಿದಿಲ್ಲ. ತಿಳಿಸುವುದೂ ಒಂದು ಸೇವೆಯೇ.

ಆದರೆ ಬಾಯಿ, ಗಂಟಲಿನ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಎಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ದಿನಕ್ಕೆ ಕೆಲವೇ ನಿಮಿಷಗಳ ಕೆಲಸ. ಆ ಕೆಲವು ನಿಮಿಷಕ್ಕಾಗಿ ದೂರದ ಊರಿನವರು ಒಂದೂವರೆ ತಿಂಗಳು ಬೆಂಗಳೂರಿನಲ್ಲಿ ಇರಬೇಕು. ಧರ್ಮಶಾಲೆಯಲ್ಲಿ ಸ್ಥಳ ಸಿಗದಿದ್ದರೆ ಬಾಡಿಗೆ ಕೋಣೆ. ಗಂಟಲು ಸುಟ್ಟಂತಾಗಿ ಅನ್ನ ಇಳಿಯದಾಗ ಹಾಲು, ಮೊಟ್ಟೆ, ಗಂಜಿ. ಜೊತೆಗೆ ಇರಲು ಒಬ್ಬ ಮಗ ಬೇಕು. ಮಗ ಕೂಲಿಗೆ ಹೋಗದಿದ್ದರೆ ಊರಿನ ಒಲೆ ಉರಿಯುವುದಿಲ್ಲ. ನಮ್ಮ ಅತ್ತೆಯ ಮಗ ಆಟೋ ಓಡಿಸುತ್ತಿದ್ದ. ಆಟೋ ನಿಂತಿತು, ಕಂತು ನಿಲ್ಲಲಿಲ್ಲ. ಮೊದಲು ಕಿವಿಯ ಓಲೆ ಅಡವಿಗೆ ಹೋಯಿತು, ನಂತರ ಸೊಸೆಯ ಬಳೆ, ಆಮೇಲೆ ಬಡ್ಡಿಯವನ ಮನೆ. ಚಿಕಿತ್ಸೆ ಉಚಿತ ಎಂದು ನಾವು ಊರಲ್ಲಿ ಹೇಳಿಕೊಳ್ಳುತ್ತಿದ್ದಾಗ ಅವರ ಸಾಲ ದಿನದಿನಕ್ಕೆ ಬೆಳೆಯುತ್ತಿತ್ತು. ಬಡ್ಡಿ ಹರಾಮ್ ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನ್ನ ಅತ್ತೆಯ ಮನೆಯವರು ಬಡ್ಡಿಯವನ ಬಾಗಿಲಿಗೆ ಹೋಗುವಾಗ ನಾನೂ, ಜಮಾಅತಿನ ಉಳಿದವರೂ ಎಲ್ಲಿದ್ದೆವು?

ಎಷ್ಟೋ ರೋಗಿಗಳು ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟು ಊರಿಗೆ ಮರಳುವುದು ಇದೇ ಕಾರಣಕ್ಕೆ. ಕಿರಣ ಚಿಕಿತ್ಸೆಯ ನಡುವೆ ದಿನಗಳು ತಪ್ಪಿಹೋದರೆ ಅದರ ಫಲ ಕುಗ್ಗುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಆಗ ಸರಕಾರ ಖರ್ಚು ಮಾಡಿದ್ದೂ ವ್ಯರ್ಥ, ರೋಗಿ ಪಟ್ಟ ಕಷ್ಟವೂ ವ್ಯರ್ಥ.

ಪವಿತ್ರ ಕುರ್‌ಆನಿನ ತೌಬಾ ಅಧ್ಯಾಯದ 60ನೇ ಸೂಕ್ತ ಝಕಾತಿನ ಎಂಟು ಹಕ್ಕುದಾರರನ್ನು ಹೆಸರಿಸುತ್ತದೆ. ಅವರಲ್ಲಿ ಗಾರಿಮೀನ್, ಅಂದರೆ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ರಮಝಾನಿನಲ್ಲಿ ನಾವು ಝಕಾತ್ ಹಂಚುವಾಗ ಮನೆಬಾಗಿಲಿಗೆ ಬಂದವರು ನೆನಪಾಗುತ್ತಾರೆ, ಮದ್ರಸಾಗಳು ನೆನಪಾಗುತ್ತವೆ. ನಾನು ಮದ್ರಸಾದ ಅನ್ನ ಉಂಡವನೇ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ನೆರೆಮನೆಯಲ್ಲಿ ಕ್ಯಾನ್ಸರಿನ ಸಾಲ ಹೊತ್ತು ಕುಳಿತವನು ಗಾರಿಮ್ ಎಂದು ನಮಗೆ ಹೊಳೆಯುವುದಿಲ್ಲ. ಅವನಿಗೆ ಹೆಂಚಿನ ಮನೆಯಿದೆ, ಬಿಳಿ ಅಂಗಿ ತೊಡುತ್ತಾನೆ, ಕೈಚಾಚುವುದಿಲ್ಲ. ವಾಸದ ಮನೆ ಇರುವುದರಿಂದ ಮಾತ್ರ ಒಬ್ಬನು ಝಕಾತಿಗೆ ಅನರ್ಹನಾಗುವುದಿಲ್ಲ ಎಂಬುದನ್ನು ಫಿಕ್‌ಹ್ ಗ್ರಂಥಗಳು ಸ್ಪಷ್ಟಪಡಿಸಿವೆ. ಕೊಡುವಾಗ ಇದು ಝಕಾತ್ ಎಂದು ಹೇಳಲೇಬೇಕೆಂದೂ ಇಲ್ಲ. ಕೊಡುವವನ ಮನಸ್ಸಿನಲ್ಲಿ ನಿಯ್ಯತ್ ಇದ್ದರೆ ಸಾಕು. ಅಭಿಮಾನಿಯಾದ ರೋಗಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದು? ಆಸ್ಪತ್ರೆಗೆ ಯಂತ್ರ ಕೊಡುವುದು, ಕಟ್ಟಡ ಕಟ್ಟಿಸುವುದು ಒಳ್ಳೆಯ ಕೆಲಸಗಳೇ. ಆದರೆ ಹನಫಿ ಅಭಿಪ್ರಾಯದಂತೆ ಝಕಾತ್ ಹಕ್ಕುದಾರನ ಒಡೆತನಕ್ಕೆ ಸೇರಬೇಕು. ಅದು ಕಟ್ಟಡಕ್ಕಲ್ಲ, ರೋಗಿಯ ಕೈಗೆ ಹೋಗಬೇಕಾದ ಹಣ. ಬಸ್ಸಿನ ಟಿಕೇಟು, ಕೋಣೆಯ ಬಾಡಿಗೆ, ಆಟೋದ ಕಂತು, ಮಕ್ಕಳ ಶಾಲೆಯ ಶುಲ್ಕ ಯಾವುದೆಂದು ಅವನೇ ನಿರ್ಧರಿಸಲಿ.

ಇನ್ನು ಆ ವಾರ್ಡಿನಲ್ಲಿ ನಮ್ಮವರು ಮಾತ್ರ ಇರುವುದಿಲ್ಲ. ಅತ್ತೆಯ ಪಕ್ಕದ ಹಾಸಿಗೆಯಲ್ಲಿದ್ದ ಹಿಂದೂ ಮಹಿಳೆಯ ಗಂಡ ರಾತ್ರಿ ವರಾಂಡದಲ್ಲಿ ಚೀಲವನ್ನು ತಲೆಗಿಟ್ಟು ಮಲಗುತ್ತಿದ್ದ. ಝಕಾತಿಗೆ ನಿಯಮಗಳಿವೆ, ಸದಕಕ್ಕೆ ಅಂತಹ ಗೋಡೆಯಿಲ್ಲ. ಆ ಆಸ್ಪತ್ರೆಗೆ ಹೆಸರು ಕೊಟ್ಟವರು ಕೇಳದ ಪ್ರಶ್ನೆಯನ್ನು ನಾವೇಕೆ ಕೇಳಬೇಕು?

ನಮ್ಮ ವಿಷಯದಲ್ಲಿ ಹೀಗಾಯಿತು. ಮೂರನೇ ವಾರದಲ್ಲಿ ಕೋಣೆಯ ಬಾಡಿಗೆ ಕೊಡಲು ಹೋದಾಗ ಮನೆಯ ಯಜಮಾನರು ಹಣ ತೆಗೆದುಕೊಳ್ಳಲಿಲ್ಲ. ಚಿಕಿತ್ಸೆ ಮುಗಿಯುವವರೆಗಿನ ಬಾಡಿಗೆ ಬಂದಿದೆ ಎಂದರು. ಕೊಟ್ಟವರು ಹೆಸರು ಹೇಳಬೇಡಿ ಎಂದಿದ್ದರಂತೆ. ನಾವು ಜುಮುಅಕ್ಕೆ ಹೋಗುತ್ತಿದ್ದ ಮಸೀದಿಯವರೇ ಯಾರೋ ಇರಬೇಕು. ಅತ್ತೆಯ ಮಗ ಆ ವಾರ ಊರಿಗೆ ಹೋಗಿ ಎರಡು ದಿನ ಆಟೋ ಓಡಿಸಿ ಬಂದ. ಆ ಎರಡು ದಿನ ನಾನು ಅತ್ತೆಯ ಜೊತೆಗಿದ್ದೆ. ಚಿಕಿತ್ಸೆ ಒಂದು ದಿನವೂ ತಪ್ಪಲಿಲ್ಲ.

ಕೊನೆಯ ದಿನ ಊರಿನ ಬಸ್ಸು ಹತ್ತಿದ ಮೇಲೆ ಅತ್ತೆ ಕಿದ್ವಾಯಿ ಎಂದರೆ ಯಾರು ಎಂದು ಕೇಳಿದರು. ಆಗ ಅವರಿಗೆ ಮಾತಾಡುವುದು ಕಷ್ಟವಾಗಿತ್ತು, ಸನ್ನೆಯೇ ಹೆಚ್ಚು. ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಮಸೌಲಿಯ ಬಗ್ಗೆ, ಜೈಲಿನ ಬಗ್ಗೆ, ತಮ್ಮನ ಕೊಲೆಯ ಬಗ್ಗೆ, ಸಾಲದ ಬಗ್ಗೆ ನೆಲಮಂಗಲ ದಾಟುವವರೆಗೆ ಹೇಳಿದೆ. ಅವರಿಗೆ ದುಆ ಮಾಡಲು ಮಕ್ಕಳಿದ್ದಾರೆಯೇ ಎಂದು ಅತ್ತೆ ಸನ್ನೆಯಲ್ಲಿ ವಿಚಾರಿಸಿದರು. ಒಬ್ಬನೇ ಮಗನಿದ್ದ, ಅವನೂ ಬಾಲ್ಯದಲ್ಲೇ ತೀರಿಕೊಂಡ ಎಂದೆ. ಅತ್ತೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಎರಡು ಕೈಗಳನ್ನೂ ಎತ್ತಿ, ತುಟಿ ಅಲುಗಿಸುತ್ತಾ ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.